ತುಳಸಿಗೆ ನಿದ್ದೆಯಿಲ್ಲವಂತೆ!

"ನಿನ್ನೆ ರಾತ್ರಿಯೂ ಇದು ಮಲಗಲಿಲ್ಲ ಮಾರಾಯ್ತಿ."

ಕಳೆದ ವಾರ ಬೆಳಗಿನ ಚಹಾದ ಹೊತ್ತಿಗೆ ಅತ್ತೆ ನನಗೆ ಕೊಟ್ಟ ದೂರು ಇದು. 'ಇದು' ಅಂದರೆ ನನ್ನ ಮಗಳಲ್ಲ. (ಅವಳು ಎಬ್ಬಿಸಿದರೂ ಏಳುವವಳಲ್ಲ.) ಹಾಲ್‌ನ ಮೂಲೆಯಲ್ಲಿರುವ ತುಳಸಿ ಗಿಡ!

ಮುಂಬೈಯ ಪರೇಲ್‌ನಲ್ಲಿರುವ ನಮ್ಮ ಬಿಲ್ಡಿಂಗ್ ಎದುರು ಹೊಸ ಟವರ್ ಎದ್ದ ಮೇಲೆ ಕಿಟಕಿಗೆ ಬಿಸಿಲೇ ಇಲ್ಲ. ತುಳಸಿ ಎಲೆ ಉದುರಿಸತೊಡಗಿತು. ಮಾವ ತೀರಿಕೊಂಡ ಮೇಲೆ ಅತ್ತೆ ಉಡುಪಿಯಿಂದ ನಮ್ಮಲ್ಲಿಗೆ ಬರುವಾಗ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಗಿಡ ಅದು. ಸೀರೆಯ ಬ್ಯಾಗು ಸೀಟಿನ ಕೆಳಗೆ, ಗಿಡ ಮಾತ್ರ ಮಡಿಲಲ್ಲಿ. ಅದು ಒಣಗಿದರೆ ಅತ್ತೆಯೂ ಬಾಡಿಹೋಗುತ್ತಾರೆಂದು ನನಗೆ ಹೆದರಿಕೆ. ಮಗಳು ಆನ್‌ಲೈನ್‌ನಲ್ಲಿ ಗ್ರೋ ಲೈಟ್ ತರಿಸಿದಳು. ಬಿಸಿಲಿಲ್ಲದ ಮನೆಯಲ್ಲಿ ಗಿಡ ಬೆಳೆಸುವ ದೀಪ. ಚಿಗುರೂ ಬಂತು!

ಆದರೆ ರಾತ್ರಿ ಆ ದೀಪವನ್ನು ಆರಿಸುವವರು ಯಾರು? ನಾನೂ ಮಗಳೂ ಮರೆಯುತ್ತೇವೆ. ಅತ್ತೆ ಮುಟ್ಟುವುದಿಲ್ಲ. ಮುಸ್ಸಂಜೆಯ ಮೇಲೆ ತುಳಸಿಗೆ ಕೈ ತಾಗಿಸಬಾರದು, ಅದು ನಿದ್ದೆ ಮಾಡುವ ಹೊತ್ತು. ಅದರ ಮುಂದಿನ ದೀಪವನ್ನು ಕೈಯಾರೆ ಆರಿಸುವುದಂತೂ ದೊಡ್ಡ ದೋಷ. ಹಾಗಾಗಿ ಪಾಪದ ಗಿಡಕ್ಕೆ ರಾತ್ರಿಯಿಡೀ ಜಾಗರಣೆ.

"ತಾನಾಗಿ ಆರಿದರೆ?" ಎಂದು ಕೇಳಿದೆ.

"ತಾನಾಗಿ ಆರಿದ್ರೆ ದೋಷ ಇಲ್ಲ." ಅತ್ತೆಯ ತೀರ್ಪು ಬಂತು.

ಸ್ಟೇಷನ್ ಹೊರಗೆ ಸಿಕ್ಕಿದ ಅಗ್ಗದ ಟೈಮರ್ ತಂದೆ. ಪಿನ್ ಸಡಿಲ. ಆದರೂ ಗಿಡದ ಪಕ್ಕ ನೆಲದಲ್ಲಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ ಬೀಗಿದೆ. ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಬಂದು ನೋಡಿದರೆ, ಸ್ನಾನ ಮುಗಿಸಿದ ಅತ್ತೆ ತಂಬಿಗೆಯಿಂದ ತುಳಸಿಗೆ ನೀರೆರೆದಿದ್ದಾರೆ. ಕುಂಡ ತುಂಬಿದ ನೀರು ಬೋರ್ಡಿನ ಕಡೆಗೆ ಹರಿಯುತ್ತಿದೆ. ಅತ್ತೆಯ ಒದ್ದೆ ಬೆರಳಲ್ಲಿ ಕುಂಕುಮ. ಆ ಬೆರಳು ಹೊರಟಿರುವುದು ಟೈಮರಿನತ್ತ! (ಮನೆಗೆ ಹೊಸತು ಏನು ಬಂದರೂ ನಮ್ಮ ಕಡೆಯವರು ಕುಂಕುಮ ಹಚ್ಚದೆ ಬಿಟ್ಟಾರೆಯೇ?)

"ಅತ್ತೇ, ಕೈ ತೆಗೀರಿ!" ಕಿರುಚಿಕೊಂಡು ಓಡಿ ಗೋಡೆಯ ಸ್ವಿಚ್ ಆರಿಸಿದೆ.

ಅವರು ಬೆಚ್ಚಿ ಹಿಂದೆ ಸರಿದರು. ಆಮೇಲೆ ತಿಂಡಿಗೂ ಕೈ ಹಾಕಲಿಲ್ಲ. ದೋಸೆ ತಟ್ಟೆಯಲ್ಲೇ ತಣ್ಣಗಾಯಿತು.

"ಪೂಜೆ ಮಾಡಿದ್ದಕ್ಕೂ ಬೈಗುಳವಾ?" ಎಂದರು ಕೊನೆಗೆ.

"ಬೈದದ್ದಲ್ಲ ಅತ್ತೆ. ನಿಮಗೆ ಏನಾದ್ರೂ ಆಗಿದ್ರೆ ನಾನು ಎಂತ ಮಾಡ್ಲಿ?" ಎನ್ನುತ್ತಾ ಬಿಸಿ ದೋಸೆಯೊಂದನ್ನು ಅವರ ತಟ್ಟೆಗೆ ಹಾಕಿದೆ.

ಅವತ್ತೇ ಬೈಕುಲ್ಲಾದ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. "ಸಸ್ತಾವಾಲಾ ದಿಖಾವೂಂ, ಮ್ಯಾಡಮ್?" ಎಂದ ಅಂಗಡಿಯವನು. ಬೇಡಪ್ಪ, ಅಗ್ಗದ ಸಹವಾಸ ಸಾಕು! ಐಎಸ್‌ಐ ಗುರುತು, ಗಟ್ಟಿಯಾಗಿ ಕೂರುವ ಮೂರು ಪಿನ್, ದೀಪ ಎಳೆಯುವುದಕ್ಕಿಂತ ಹೆಚ್ಚು ಕರೆಂಟು ತಾಳುವ ಶಕ್ತಿ. ಕರೆಂಟು ಹೋಗಿ ಬಂದರೂ ಗಂಟೆ ಮರೆಯದಂತೆ ಒಳಗೊಂದು ಬ್ಯಾಟರಿ. ಗಂಡು ನೋಡುವವರ ಹಾಗೆ ತಿರುಗಿಸಿ ಮುರುಗಿಸಿ ನೋಡಿ ಒಂದನ್ನು ಆರಿಸಿದೆ.

ಎಕ್ಸ್‌ಟೆನ್ಷನ್ ಬೋರ್ಡು ಅಟ್ಟ ಸೇರಿತು. ಟೈಮರ್ ನೀರು ತಲುಪದ ಎತ್ತರದಲ್ಲಿ, ನೇರ ಗೋಡೆಯ ಸಾಕೆಟ್ಟಿಗೆ. ಅತ್ತೆಯ ಪೂಜೆ ಮುಗಿದ ಮೇಲಷ್ಟೇ ದೀಪ ಹತ್ತುವಂತೆ ಸಮಯ ಇಟ್ಟೆ. ಕುಂಕುಮ ಕುಂಡಕ್ಕೆ ಮಾತ್ರ ಎಂದು ಅವರಿಂದ ಆಣೆ ಹಾಕಿಸಿಕೊಂಡೆ.

ಮುಸ್ಸಂಜೆಗೆ ಗ್ರೋ ಲೈಟ್ ತಾನಾಗಿ ಆರಿತು. ಅತ್ತೆ ಎಣ್ಣೆ ದೀಪ ಹಚ್ಚಿ ಕೈಮುಗಿದರು. ಆಮೇಲೆ ಟಿವಿಯ ಸದ್ದು ತಗ್ಗಿಸಿದರು!

"ಮಲಗಿತು," ಎಂದು ಪಿಸುಗುಟ್ಟಿದರು. "ಬೆಳಿಗ್ಗೆ ಯಾವಾಗ ಏಳ್ತದೆ?"

"ನಿಮ್ಮ ಪೂಜೆ ಆದ ಮೇಲೆ."

ಅತ್ತೆ ನನ್ನ ಮುಖವನ್ನೇ ನೋಡಿದರು. "ನೀನು ನಂಗಿಂತ ಮುಂಚೆ ಏಳ್ತಿ. ಇನ್ನು ಬೇಡ. ಅದರೊಟ್ಟಿಗೆ ಎದ್ರೆ ಸಾಕು. ಚಾ ನಾನು ಮಾಡ್ತೇನೆ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನನ್ನ ನಿದ್ದೆಯ ಬಗ್ಗೆ ಯೋಚಿಸಿದವರು ಇವರೇ ಮೊದಲು. ಕಣ್ಣು ತುಂಬಿ ಬಂತು.

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಸರಿಯಾಗಿ ಮಲಗಿದರೇ ಎಂದು ನೀವು ಯಾವತ್ತಾದರೂ ಕೇಳಿದ್ದೀರಾ?