ಅಪ್ಪನ ಹಿಮ್ಮಡಿಯ ಮಣ್ಣು

ತಪ್ಪದೆ ಚರ್ಚಿಗೆ ಹೋಗುತ್ತಿದ್ದರೂ ಪವಾಡದ ಕತೆಗಳನ್ನು ನಾನು ನಂಬಿದವನಲ್ಲ. ಯಾರಾದರೂ ಹೇಳಿದರೆ ತಲೆಯಾಡಿಸುತ್ತಲೇ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಚಿಂತೆ ನನ್ನ ಕಸುಬು. ಈಗ ನಾನು ಹೇಳುವುದನ್ನು ನೀವೂ ಹಾಗೆಯೇ ಕೇಳಿಸಿಕೊಂಡರೆ ಬೇಸರವಿಲ್ಲ.

ತೊಂಬತ್ತರ ದಶಕದ ಮಾತು. ಶ್ರೀರಂಗಪಟ್ಟಣದ ಬಳಿಯ ನಮ್ಮ ಸಣ್ಣ ಚರ್ಚಿಗೆ ಸಮಾಧಿಯ ಗುಂಡಿ ತೋಡುತ್ತಿದ್ದವರು ನಮ್ಮಪ್ಪ. ಪವಿತ್ರ ಗುರುವಾರದ ಸಂಜೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಫಾದರ್ ಮಂಡಿಯೂರಿ ಹನ್ನೆರಡು ಗಂಡಸರ ಪಾದ ತೊಳೆಯುತ್ತಾರೆ. ವರ್ಷವರ್ಷವೂ ಕರೆದರೂ ಅಪ್ಪ ಕೂರುತ್ತಿರಲಿಲ್ಲ. "ಗುಂಡಿಗಿಳಿಯೋ ಕಾಲು. ಇದ ಫಾದ್ರು ಮುಟ್ಟೋದಾ? ಬ್ಯಾಡ ಬುಡಿ" ಎನ್ನುತ್ತಿದ್ದರು. ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸ್ಮಶಾನದ ಮಣ್ಣು ಹಚ್ಚೆಯಂತೆ ಕೂತುಬಿಟ್ಟಿತ್ತು.

ಆ ವರ್ಷ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಆಗ ಬಾಯಿಬಿಟ್ಟರು: "ಒಂದ್ಸಲ ತೊಳಿಸ್ಕಬೇಕಿತ್ತು ಕಣ್ಲಾ. ಇಂಗೇ ಓಯ್ತೀನೇನೋ." ಫಾದರ್‌ಗೆ ಹೇಳಿದೆ. ಗುರುವಾರದ ಪೂಜೆ ಮುಗಿಸಿ ಮನೆಗೇ ಬರುತ್ತೇನೆ ಎಂದರು.

ಆ ಸಲ ಹನ್ನೆರಡು ಜನರಲ್ಲಿ ನಾನೂ ಒಬ್ಬ. ಎಲ್ಲರೂ ಮಾಡುವಂತೆ ಮನೆಯಲ್ಲೇ ಸೋಪು ಹಚ್ಚಿ ಕಾಲು ಉಜ್ಜಿಕೊಂಡು, ಉಗುರು ಕತ್ತರಿಸಿಕೊಂಡು ಹೊರಟೆ. ಅಪ್ಪ ಮಲಗಿದಲ್ಲೇ ಅಕ್ಕನಿಗೆ, "ತೊಳ್ದಿರೋ ಕಾಲ ತೊಳ್ಸ್ಕಳಾಕೆ ಓಯ್ತಾವ್ನೆ, ನೋಡವ್ವ" ಎಂದು ನಕ್ಕರು.

ಚರ್ಚಿನಲ್ಲಿ ಪಾದಕ್ಕೆ ನೀರು ಬಿದ್ದಾಗಲೂ ನನಗೆ ಒಂದೇ ಚಿಂತೆ: ಇದು ಮುಗಿಯುವವರೆಗೆ ಅಪ್ಪ ಇರುತ್ತಾರೋ ಇಲ್ಲವೋ. ಪೂಜೆಯುದ್ದಕ್ಕೂ ಫಾದರ್ ನನ್ನ ಕಣ್ಣೆದುರೇ ಇದ್ದರು. ಮುಗಿದದ್ದೇ ಅವರನ್ನು ಮನೆಗೆ ಕರೆತಂದೆ.

ಫಾದರ್ ನೀರಿನ ಬೋಗುಣಿ ಕೆಳಗಿಟ್ಟು ಹೊದಿಕೆ ಸರಿಸಿದರು. ಅಪ್ಪನ ಎರಡೂ ಪಾದ ಒದ್ದೆಯಾಗಿದ್ದವು. ಬಿರುಕುಗಳಲ್ಲಿ ಮಣ್ಣಿರಲಿಲ್ಲ.

"ನೀನೇನಕ್ಕ ತೊಳ್ದಿದ್ದು?"

"ನಾನ್ಯಾಕ್ಲಾ ತೊಳೀಲಿ? ಫಾದ್ರು ಬತ್ತಾರೆ ಅಂದಿದ್ಯಲ್ಲ" ಎಂದಳು ಅಕ್ಕ. ಅವಳು ಬಾಗಿಲಲ್ಲೇ ಕೂತು ನಮ್ಮ ದಾರಿ ನೋಡುತ್ತಿದ್ದಳಂತೆ. ಯಾರೂ ಬಂದಿರಲಿಲ್ಲ.

ಅಪ್ಪನ ಕಣ್ಣಲ್ಲಿ ನೀರಿತ್ತು. "ಬ್ಯಾಡಿ ಸ್ವಾಮಿ ಅಂದೆ. ಕೇಳ್ನಿಲ್ಲ. ಮಂಡಿ ಊರೇ ಬುಟ್ರು" ಎಂದರು.

ಯಾರು ಎಂದು ಫಾದರ್ ಕೇಳಲಿಲ್ಲ. ತಂದ ನೀರನ್ನು ಮುಟ್ಟದೆ, ಬಗ್ಗಿ ಆ ಪಾದಗಳಿಗೆ ಮುತ್ತಿಟ್ಟು, ಹೊರಗೆ ಹೋಗಿ ನಿಂತರು. ನಾನೋ, ಅಪ್ಪನಿಗೆ ಶೀತವಾದೀತೆಂದು ಹಾಸಿಗೆ ಮುಟ್ಟಿ ನೋಡಿದೆ. ಅದು ಒಂದಿಷ್ಟೂ ನೆಂದಿರಲಿಲ್ಲ.

ಮರುದಿನ, ಶುಭ ಶುಕ್ರವಾರ, ಅಪ್ಪ ಹೋದರು. ಗುಂಡಿ ತೋಡುವವರೇ ಹೋದ ಮೇಲೆ ಇನ್ನು ಯಾರನ್ನು ಕರೆಯುವುದು? ನಾನೇ ಇಳಿದೆ. ಅಳುತ್ತಾ ತೋಡಿದ್ದರಿಂದ ಗುಂಡಿ ಸೊಟ್ಟಗಾಯಿತು. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು.

ಅಪ್ಪನ ಕಾಲು ಬೆವರಿರಬೇಕು ಎಂದು ಬಲ್ಲವರೊಬ್ಬರು ಹೇಳಿದರು. ಇರಬಹುದು. ಅಂದಿನಿಂದ ಆ ಕೆಲಸ ನನ್ನದೇ, ಆ ಮಣ್ಣೂ ನನ್ನ ಹಿಮ್ಮಡಿಗೆ ಬಂದಿದೆ. ಪವಿತ್ರ ಗುರುವಾರ ಕರೆದರೆ ಈಗ ಕಾಲು ಉಜ್ಜದೆಯೇ ಹೋಗಿ ಕೂರುತ್ತೇನೆ. ಫಾದರ್ ಎಷ್ಟು ತೊಳೆದರೂ ಅದು ಹೋಗುವುದಿಲ್ಲ. ಅಪ್ಪನದು ಹೇಗೆ ಹೋಯಿತೋ, ನನಗೆ ಇವತ್ತಿಗೂ ತಿಳಿಯದು.