ಸಿಂಚನಳ ಉಡಿದಾರ

ನನ್ನ ತಂಗಿಯ ಕೂಸು ಬೆಳೆಯುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ಮುಚ್ಚಿಟ್ಟಿದ್ದಷ್ಟೇ ಆಗಿದ್ದರೆ — ಇಲ್ಲ, ಅಷ್ಟಕ್ಕೇ ನಿಲ್ಲಲಿಲ್ಲ. ಕೂಸು ಸೊರಗಿದ್ದು ಹೆತ್ತವಳ ತಪ್ಪಿನಿಂದ ಎಂದು ಅವಳ ಗಂಡನ ಎದುರಿಗೇ ಹೇಳಿದೆ. ಹನ್ನೊಂದು ವರ್ಷ ನನ್ನ ತಂಗಿ ಆ ಮಾತನ್ನು ನಿಜವೆಂದು ನಂಬಿ ಬದುಕಿದಳು.

ತಂಗಿಯ ಹೆಸರು ಪವಿತ್ರ. ಮಳವಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ನಾನು ಆತಗೂರು ಕಡೆಯ ಹಳ್ಳಿಗೆ ಸೊಸೆಯಾಗಿ ಬಂದವಳು. ನನಗೆ ಮಕ್ಕಳಾಗಲಿಲ್ಲ. ನಮ್ಮ ಅವ್ವ ತೀರಿಹೋಗಿದ್ದಳು, ಪವಿತ್ರಳಿಗೆ ಅತ್ತೆಯೂ ಇರಲಿಲ್ಲ. ಹೀಗಾಗಿ ಅವಳ ಮಗಳು ಸಿಂಚನ ನಾಲ್ಕು ತಿಂಗಳ ಕೂಸಾಗಿದ್ದಾಗ, ಹೆರಿಗೆ ರಜೆ ಮುಗಿಯಿತೆಂದು, ಪವಿತ್ರ ಅವಳನ್ನು ತಂದು ನನ್ನ ಮಡಿಲಿಗೆ ಹಾಕಿದಳು. "ನೀನಿದ್ದೀಯಲ್ಲಕ್ಕ, ನಂಗ್ಯಾಕೆ ಯೋಚ್ನೆ" ಎಂದು ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಭಾನುವಾರ ಬರುವುದು, ಸಂಜೆ ಹೋಗುವುದು ಎಂದು ಗೊತ್ತುಮಾಡಿಕೊಂಡೆವು.

ನಮ್ಮ ತೌರಿನಲ್ಲಿ ಕೂಸನ್ನು ತೂಕಕ್ಕೆ ಹಾಕುತ್ತಿರಲಿಲ್ಲ. ದೃಷ್ಟಿಯಾಗುತ್ತದೆ ಎಂದು ಅವ್ವ ಬೈಯುತ್ತಿದ್ದಳು. ಅವಳಿಗೆ ಸೊಂಟದ ಕರಿ ಉಡಿದಾರವೇ ತಕ್ಕಡಿ. ದಾರಕ್ಕೂ ಹೊಟ್ಟೆಗೂ ನಡುವೆ ಒಂದು ಬೆರಳು ಆಡಬೇಕು. ಬೆರಳು ತೂರದಿದ್ದರೆ ಕೂಸು ಮೈದುಂಬಿಕೊಂಡಿದೆ, ಗಂಟು ಬಿಚ್ಚಿ ಸಡಿಲ ಮಾಡಿ ಕಟ್ಟಬೇಕು. ಎರಡು ಬೆರಳು ತೂರಿದರೆ ಸೊರಗಿದೆ. ಓದಿದವಳಾದರೂ ಪವಿತ್ರಳಿಗೆ ಅವ್ವನ ಈ ಲೆಕ್ಕದ ಮೇಲೆ ಬಲು ನಂಬಿಕೆ.

ಮಂದದ ಹಾಲು ಎಳೆಗೂಸಿಗೆ ಅರಗದು ಎಂದು ಕೇಳಿದ್ದೆ. ಹಸುವಿನ ಹಾಲಿಗೆ ಧಾರಾಳವಾಗಿ ನೀರು ಬೆರೆಸಿ ಕುಡಿಸುತ್ತಿದ್ದೆ. ಮೇಲಿಂದ ಮೇಲೆ ಭೇದಿಯೂ ಆಗುತ್ತಿತ್ತು. ಅದು ತಿಳಿಯದೆ ಮಾಡಿದ್ದು. ಮುಂದಿನದೆಲ್ಲ ತಿಳಿದೂ ತಿಳಿದೂ ಮಾಡಿದ್ದು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದೆ. ಎತ್ತಿ ಬೋರಲು ಮಲಗಿಸುವಾಗ ಉಡಿದಾರ ಸೊಂಟದಿಂದ ಜಾರಿ ತೊಡೆಗಿಳಿಯಿತು. ಹೆದರಿದೆ. ಕೂಸಿಗೆ ಏನಾಗಿದೆಯೋ ಎಂದಲ್ಲ — ಇದನ್ನು ಬರೆಯಲು ಕೈ ಬರುತ್ತಿಲ್ಲ — ಪವಿತ್ರಳಿಗೆ ಗೊತ್ತಾದರೆ ಕೂಸನ್ನು ಎತ್ತಿಕೊಂಡು ಹೋಗಿಬಿಡುತ್ತಾಳೆ ಎಂದು. ಮಕ್ಕಳಿಲ್ಲದವಳೆಂದು ನನ್ನನ್ನು ದೂರವಿಟ್ಟಿದ್ದ ನಮ್ಮೂರ ಹೆಂಗಸರು, ಮಡಿಲಲ್ಲಿ ಕೂಸು ಬಂದ ಮೇಲೆ ಆಗಲೇ ನನ್ನನ್ನು ಮಾತಾಡಿಸಿ, ನಗಿಸಿ, ಮನೆಯೊಳಕ್ಕೆ ಕರೆಯಲು ಶುರುಮಾಡಿದ್ದರು. ಅದನ್ನೆಲ್ಲ ಹೇಗೆ ಬಿಡಲಿ? ಗಂಟು ಬಿಚ್ಚಿದೆ. ಬಿಗಿಯಾಗಿ ಕಟ್ಟಿದೆ.

ಭಾನುವಾರ ಪವಿತ್ರ ಬರುವಷ್ಟರಲ್ಲಿ ಕೂಸಿಗೆ ನೀರೆರೆದು, ಸಾಂಬ್ರಾಣಿ ಹೊಗೆ ಕೊಟ್ಟು, ಒಂದರ ಮೇಲೊಂದು ಬಟ್ಟೆ ಹಾಕಿ ಮಲಗಿಸಿರುತ್ತಿದ್ದೆ. ಮುಖ ಮೊದಲಿಂದಲೂ ದುಂಡು, ಅದೂ ನನಗೆ ಅನುಕೂಲವೇ ಆಯಿತು. ಅವಳು ಚಪ್ಪಲಿ ಬಿಟ್ಟವಳೇ ಬಟ್ಟೆಯೊಳಗೆ ಕೈ ತೂರಿಸಿ ದಾರ ಹುಡುಕುತ್ತಿದ್ದಳು. "ಅಯ್, ಬೆರಳೇ ಓಗಕ್ಕಿಲ್ವಲ್ಲಕ್ಕ! ಎಷ್ಟು ಬಿಗಿಯಾಗದೆ! ಸಡ್ಲ ಮಾಡಕ್ಕ, ಕೂಸಿಗೆ ಒತ್ತದೆ" ಎನ್ನುತ್ತಿದ್ದಳು. ಅವಳ ಎದುರಿಗೆ ಸಡಿಲ ಮಾಡುತ್ತಿದ್ದೆ. ಅವಳ ಬಸ್ಸು ಹೋದ ಮೇಲೆ ಮತ್ತೆ ಬಿಗಿಯುತ್ತಿದ್ದೆ. ಆ ಎಳೆ ಸೊಂಟದ ಸುತ್ತ ದಾರದ ಗೆರೆ ಕೆಂಪಗೆ ಮೂಡಿರುತ್ತಿತ್ತು. ಎಣ್ಣೆ ಸವರುತ್ತಿದ್ದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂಗನವಾಡಿಯ ಟೀಚರಮ್ಮ ತೂಕಕ್ಕೆ ಕರೆದಾಗ, ತೂಕ ಎಲ್ಲ ಮಳವಳ್ಳಿಯಲ್ಲಿ ಅವರಮ್ಮನೇ ಮಾಡಿಸುತ್ತಾಳೆ ಎಂದೆ. ಮನೆಯ ಕಟ್ಟುಪಾಡು ಮೀರಿ ಒಂದು ಸಲ ಪವಿತ್ರಳೇ ತೂಕದ ಮಾತೆತ್ತಿದಳು. ಅವಳಿಗೆ, ಇಲ್ಲಿ ಅಂಗನವಾಡಿಯಲ್ಲೇ ಹಾಕಿಸಿದೆ, ಚೆನ್ನಾಗಿದ್ದಾಳಂತೆ ಎಂದೆ. ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಬಹುದಿತ್ತು — ಅಕ್ಕನನ್ನು ಯಾಕೆ ಕೇಳುತ್ತಾಳೆ?

ವರ್ಷ ತುಂಬಲು ಇನ್ನೂ ಸಮಯವಿದ್ದಾಗ ಕೂಸಿಗೆ ಜ್ವರ ಬಂದು ಇಳಿಯಲೇ ಇಲ್ಲ. ಪವಿತ್ರ, ಅವಳ ಗಂಡ ಇಬ್ಬರೂ ಬಂದರು, ಮಂಡ್ಯಕ್ಕೆ ಕರೆದೊಯ್ದೆವು. ಡಾಕ್ಟರು ಬಟ್ಟೆಯೆಲ್ಲ ಬಿಚ್ಚಿಸಿ ತೂಕ ನೋಡಿದರು. ಪಕ್ಕೆಲುಬು ಎದ್ದು ಕಾಣುತ್ತಿತ್ತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಹೊರಗೆ ಬಂದ ಮೇಲೆ ಪವಿತ್ರಳ ಗಂಡ ಅವಳನ್ನೇ ನೋಡುತ್ತಾ ನಿಂತ. ಅವಳು ನನ್ನನ್ನು ನೋಡಿದಳು.

"ಅಕ್ಕ... ಉಡ್ದಾರ ಬಿಗಿಯಾಗೇ ಇತ್ತಲ್ವಾ?"

ಆಗಲಾದರೂ ಬಾಯಿಬಿಡಬೇಕಿತ್ತು. ನಾನು ಹೇಳಿದ್ದು ಇಷ್ಟು: "ನಾನ್ ನೋಡ್ಕಂಡಂಗೆ ಚೆನ್ನಾಗೇ ಇತ್ತು ಕಣೆ. ಎತ್ತವ್ವನ ಆಲಿಲ್ದೆ ಸೊರಗೈತೆ, ಇನ್ನೇನು."

ಅವಳ ಗಂಡ ಅದನ್ನೇ ಹಿಡಿದುಕೊಂಡ. ಸಂಬಳದ ಆಸೆಗೆ ಕೂಸಿನ ಬಾಯಿಂದ ಹಾಲು ಕಿತ್ತುಕೊಂಡವಳು ಎಂದ. ಅವತ್ತು ಅಂದಿದ್ದು ಅವತ್ತಿಗೇ ಮುಗಿಯಲಿಲ್ಲ. ಪವಿತ್ರ ಕೆಲಸ ಬಿಟ್ಟಳು. ಪಾಠ ಹೇಳುವುದೆಂದರೆ ಪ್ರಾಣವಾಗಿದ್ದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅವಳ ಕೈಗೆ ಹೋದ ಮೇಲೆ ಕೂಸು ಚೇತರಿಸಿಕೊಂಡಿತು. ಆದರೆ ಸಿಂಚನ ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಗಿಡ್ಡವಾಗಿ ನಿಂತಾಗಲೆಲ್ಲ ಪವಿತ್ರ ತಲೆ ತಗ್ಗಿಸುತ್ತಿದ್ದಳು. "ನನ್ನಿಂದ್ಲೇ ಕಣಕ್ಕ" ಎನ್ನುತ್ತಿದ್ದಳು. ನಾನು ಅವಳ ಬೆನ್ನು ಸವರುತ್ತಿದ್ದೆ. ಸಮಾಧಾನ ಹೇಳುತ್ತಿದ್ದೆ! ನನ್ನಂಥ ನಾಚಿಕೆಗೆಟ್ಟವಳು ಇನ್ನೊಬ್ಬಳಿರಲಾರಳು.

ಇಷ್ಟು ವರ್ಷದ ಮೇಲೆ ಅವಳಿಗೆ ಇನ್ನೊಂದು ಕೂಸಾಗಿದೆ, ಗಂಡು. ಹೋದ ವಾರ ಮಳವಳ್ಳಿಯಲ್ಲಿ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಪವಿತ್ರ ಹೊಸ ಕರಿದಾರವನ್ನು ನನ್ನ ಅಂಗೈಗಿಟ್ಟು, "ಅವ್ವ ಇಲ್ಲ. ನಿನ್ ಕೈಲೇ ಕಟ್ಟುಸ್ಬೇಕು ಅಂತ ಇಟ್ಕಂಡಿದ್ದೆ" ಎಂದಳು. ಜನರೆದುರು ಬೇಡವೆನ್ನಲಾಗಲಿಲ್ಲ. ಕಟ್ಟಿದೆ. ಗಂಟು ಎರಡು ಸಲ ಜಾರಿತು.

ನೆಂಟರು ಊಟಕ್ಕೆ ಕೂತಾಗ ಅವಳನ್ನು ಒಳಕೋಣೆಗೆ ಕರೆದೆ. ಎಲ್ಲ ಹೇಳಿದೆ — ನೀರು ಹಾಲು, ಜಾರಿದ ದಾರ, ಬಸ್ಸು ಹೋದ ಮೇಲಿನ ಗಂಟು, ಆಸ್ಪತ್ರೆಯ ಮಾತು. ಕಿರುಚುತ್ತಾಳೆ ಎಂದುಕೊಂಡಿದ್ದೆ, ಹೊಡೆಯಲಿ ಎಂದೂ ಅಂದುಕೊಂಡಿದ್ದೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಹೇಳಿದಳು:

"ಬ್ಯಾರೆ ಯಾರತ್ರನಾದ್ರೂ ಬುಟ್ಟಿದ್ರೆ ನಾನು ವಾರವಾರ ತೂಕ ಆಕುಸ್ತಿದ್ದೆ ಕಣಕ್ಕ. ನಿನ್ ಕೈಲಿ ಬುಟ್ಟಿದ್ನಲ್ಲ, ಅದುಕ್ಕೇ ಆಕುಸ್ಲಿಲ್ಲ."

ಅಷ್ಟೇ. ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿ, ನಾನು ಕಟ್ಟಿದ್ದ ಉಡಿದಾರವನ್ನು ಬಿಚ್ಚಿ ಕಿಟಕಿಯ ಮೇಲಿಟ್ಟಳು.

ಗಂಡನಿಗೆ ಅವಳು ಇನ್ನೂ ಹೇಳಿಲ್ಲವಂತೆ. ಹೇಳಬೇಕಾದವಳೂ ಅವಳಲ್ಲ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನಾಳೆ ಮಳವಳ್ಳಿಗೆ ಹೋಗುತ್ತೇನೆ. ಅವನನ್ನು, ಸಿಂಚನಳನ್ನು ಎದುರಿಗೆ ಕೂರಿಸಿಕೊಂಡು, ಅವಳನ್ನು ಸೊರಗಿಸಿದ್ದು ಅವಳ ಅಮ್ಮನಲ್ಲ, ದೊಡ್ಡಮ್ಮ ಎಂದು ನನ್ನ ಬಾಯಲ್ಲೇ ಹೇಳುತ್ತೇನೆ. ಆಮೇಲೆ ಆ ಮನೆಯ ಬಾಗಿಲು ನನಗೆ ತೆರೆಯದಿದ್ದರೂ ಸರಿ.