ಖಾಲಿ ಇರಬಾರದ ಕುರ್ಚಿ

ಈ ವರ್ಷ ಯುಗಾದಿಗೆ ನಾಲ್ಕು ದಿನ ಮುಂಚೆ ಮಂಡ್ಯದ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದ. ಬಕೆಟ್ಟಿನ ತುಂಬ ಮೈದಾ ಅಂಟು, ಹಳಸಿ ಹುಳಿ ವಾಸನೆ ಬರುತ್ತಿತ್ತು. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಅಲ್ಲೇ ನಿಂತೆ. ನಾನು ಹತ್ತಬೇಕಿದ್ದ ಕೆರಗೋಡಿನ ಬಸ್ಸು ಬಂತು, ಹೋಯಿತು... ನನ್ನ ಎರಡನೇ ಕ್ಲಾಸಿನ ಟೀಚರ ಕೈ ಹೀಗೇ ವಾಸನೆ ಬರುತ್ತಿತ್ತು.

ಅವರು ದಿನಾ ಮಂಡ್ಯದಿಂದ ಬಸ್ಸಿನಲ್ಲಿ ನಮ್ಮೂರ ಸ್ಕೂಲಿಗೆ ಬರುತ್ತಿದ್ದರು. ಸಣ್ಣ ಆಳು, ದೊಡ್ಡ ದನಿ. ಹಾಲಿನ ಪುಡಿ ಡಬ್ಬದಲ್ಲಿ ಮನೆಯಿಂದಲೇ ಅಂಟು ತರುವರು. ಕ್ಯಾಲೆಂಡರು, ಪೇಪರು ಎಲ್ಲಿ ಸಿಕ್ಕರೂ ರಾಷ್ಟ್ರಪತಿಗಳ ಫೋಟೋ ಕತ್ತರಿಸಿ ಒಂದು ರಟ್ಟಿಗೆ ಸಾಲಾಗಿ ಅಂಟಿಸಿದ್ದರು. ಆಗ ಐದು ಜನ. ಆ ಹೆಸರುಗಳಿಗೆ ನಮ್ಮ ನಾಲಿಗೆ ಎಲ್ಲಿ ತಿರುಗಬೇಕು? ಮೀಸೆಯವರು, ಪೇಟದವರು, ಗಡ್ಡದವರು ಎಂದು ಗುರುತು ಇಟ್ಟುಕೊಂಡಿದ್ದೆವು. ಟೀಚರು ನಗುತ್ತಿದ್ದರು, ತಿದ್ದುತ್ತಿರಲಿಲ್ಲ.

ಚಳಿ ಹಿಂದೆ ಸರಿದು ಹೊಂಗೆ ಚಿಗುರಿದರೆ ಅವರಿಗೆ ಹಬ್ಬ. ಒಬ್ಬೊಬ್ಬರೂ ಒಂದೊಂದು ಮರದ ಹೊಸ ಎಲೆ ತರಬೇಕು. ಅದನ್ನು ದಾರಕ್ಕೆ ಪೋಣಿಸಿ ಆ ರಟ್ಟಿನ ಸುತ್ತ ಕಟ್ಟುವುದು. ಎಲೆ ಉದುರಿದ ಕಡೆಯೇ ಚಿಗುರು ಬರುತ್ತೆ, ಒಬ್ಬರು ಹೋದ ಕಡೆ ಇನ್ನೊಬ್ಬರು ಬರುತ್ತಾರೆ, ಎಂದು ಎರಡು ಪಾಠವನ್ನೂ ಒಟ್ಟಿಗೇ ಮುಗಿಸಿಬಿಡುತ್ತಿದ್ದರು.

ಆ ವರ್ಷ ನಾನು ಎಲೆ ತಂದಿರಲಿಲ್ಲ. ಕಾರ್ತೀಕದಲ್ಲಿ ನಮ್ಮವ್ವ ಹೋಗಿದ್ದಳು. ಜ್ವರ ಅಂದರು, ಮಂಡ್ಯಕ್ಕೆ ಕರೆದುಕೊಂಡು ಹೋದರು, ವಾಪಸು ತಂದರು. ನಾನು ಅಳಲಿಲ್ಲ. ಮಗು ಕಲ್ಲಾಗಿದೆ ಎಂದು ಬಂದವರೆಲ್ಲ ಅಂದರು. ಕಲ್ಲೂ ಅಲ್ಲ, ಏನೂ ಇರಲಿಲ್ಲ ಒಳಗೆ. ಮದುವೆ ಆದರೆ ಮೂರು ತಿಂಗಳೊಳಗೆ ಆಗಬೇಕು, ಇಲ್ಲದಿದ್ದರೆ ವರ್ಷ ಕಾಯಬೇಕು ಎಂದು ಅಜ್ಜಿ ಹಟ ಹಿಡಿದು ಅಪ್ಪನಿಗೆ ಮತ್ತೆ ಮದುವೆ ಮಾಡಿಸಿದಳು. ಮಳವಳ್ಳಿ ಕಡೆಯ ಹೆಣ್ಣು. ಚಿಕ್ಕವ್ವ ಅನ್ನು ಅಂದರು, ಅಂದೆ. ಅವಳು ಒಲೆ ಮುಂದೆ ನಮ್ಮವ್ವನ ಮಣೆಯ ಮೇಲೆ ಕೂತಳು. ಅದನ್ನು ಮಾತ್ರ ನನಗೆ ನೋಡಲಾಗುತ್ತಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೇ ರಾಷ್ಟ್ರಪತಿಗಳು ತೀರಿಕೊಂಡರು. ರಟ್ಟಿನ ಮೇಲಿನ ಐದನೆಯವರು. ಸ್ಕೂಲಿಗೆ ರಜೆ ಎಂದಾಗ ಹುಡುಗರು ಚೀಲ ಎತ್ತಿಕೊಂಡರು. ಟೀಚರು ಎಲ್ಲರನ್ನೂ ಕೂರಿಸಿ, ಎರಡು ನಿಮಿಷ ಕಣ್ಣು ಮುಚ್ಚಿಸಿದರು. ಆಮೇಲೆ ನಾನು ಕೇಳಿದೆ:

"ಈಗ ಅವರ ಕುರ್ಚಿ ಖಾಲಿನಾ ಟೀಚರ್?"

"ಇಲ್ಲ ಪುಟ್ಟಿ. ಆ ಕುರ್ಚಿ ಒಂದು ದಿನಾನೂ ಖಾಲಿ ಇರಬಾರದು. ಎಲೆಕ್ಷನ್ ಆಗೋವರೆಗೂ ಇನ್ನೊಬ್ಬರು ಕೂತ್ಕೋತಾರೆ. ಅವರಿಗೆ ಹಂಗಾಮಿ ರಾಷ್ಟ್ರಪತಿ ಅಂತಾರೆ."

ನನಗೆ ತಟ್ಟನೆ ಎಲ್ಲವೂ ತಿಳಿದುಹೋಯಿತು. ಮನೆಗೆ ಓಡಿದೆ. ಚಿಕ್ಕವ್ವ ಮಣೆಯ ಮೇಲೆ ಕೂತು ಮುದ್ದೆ ಕಟ್ಟುತ್ತಿದ್ದಳು. "ನೀನು ಹಂಗಾಮಿ" ಅಂದೆ. ಅವಳು ಮುಖ ನೋಡಿ, ತಟ್ಟೆಗೆ ಮುದ್ದೆ ಹಾಕಿದಳು. ಮಾರನೇ ದಿನವೂ ಅಂದೆ. ಅವಳು ಕರೆದಾಗಲೆಲ್ಲ ಅಂದೆ. ಕೋಪದಿಂದಲ್ಲ... ಟೀಚರು ಹೇಳಿಕೊಟ್ಟದ್ದನ್ನು ಒಪ್ಪಿಸುವ ಹಾಗೆ.

ಒಂದು ಬೆಳಿಗ್ಗೆ ಚಿಕ್ಕವ್ವ ನನ್ನ ಜೊತೆ ಸ್ಕೂಲಿಗೇ ಬಂದಳು. ಸೆರಗು ಹೊದ್ದು ಕ್ಲಾಸಿನ ಬಾಗಿಲಲ್ಲಿ ನಿಂತಳು.

"ಟೀಚರಮ್ಮ, ಅಂಗಾಮಿ ಅಂದ್ರೆ ಏನು? ಬೈಗುಳವಾ? ಈ ಮಗ ದಿನಾ ನನ್ನ ಅಂಗೇ ಅಂತದೆ. ಮನೇಲಿ ಯಾರ್ನ ಕೇಳುದ್ರೂ ಗೊತ್ತಿಲ್ಲ ಅಂತಾರೆ."

ಟೀಚರು ಸೀಮೆಸುಣ್ಣ ಕೆಳಗಿಟ್ಟರು. ನನ್ನನ್ನು ನೋಡಿದರು, ರಟ್ಟನ್ನು ನೋಡಿದರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಬೈಗುಳ ಅಲ್ಲಮ್ಮ. ಸದ್ಯಕ್ಕೆ ಇರೋರು ಅಂತ. ಪೂರ್ತಿ ಅಲ್ಲ, ಸದ್ಯಕ್ಕೆ."

ಚಿಕ್ಕವ್ವ ಜಾರಿದ ಸೆರಗನ್ನು ಮತ್ತೆ ಹೊದ್ದುಕೊಂಡಳು. "ಸದ್ಯಕ್ಕಾ... ಸರಿ ಬುಡಿ. ಮಗ ತಪ್ಪೇನೂ ಯೋಳಿಲ್ಲ. ಬತ್ತೀನಿ ಟೀಚರಮ್ಮ" ಅಂದು ಹೋದಳು. ಅವಳಿಗೆ ಆಗ ಇಪ್ಪತ್ತೆರಡೂ ತುಂಬಿರಲಿಕ್ಕಿಲ್ಲ.

ಊಟದ ಬೆಲ್ಲು ಹೊಡೆದ ಮೇಲೆ ಟೀಚರು ನನ್ನನ್ನು ಒಬ್ಬಳನ್ನೇ ರಟ್ಟಿನ ಮುಂದೆ ನಿಲ್ಲಿಸಿದರು. ಬೈತಾರೆ ಅಂದುಕೊಂಡೆ. ನಾಲ್ಕನೆಯ ಫೋಟೋ ಮೇಲೆ ಬೆರಳಿಟ್ಟರು.

"ನೋಡು, ಗಡ್ಡದವರು ಕುರ್ಚಿಯಲ್ಲಿದ್ದಾಗಲೇ ತೀರಿಕೊಂಡರು. ಆಗ ಇವರು ಹಂಗಾಮಿಯಾಗಿ ಕೂತರು. ಆಮೇಲೆ ಎಲೆಕ್ಷನ್‌ಗೆ ನಿಂತು ಗೆದ್ದರು. ಪೂರ್ತಿ ರಾಷ್ಟ್ರಪತಿ ಆದರು."

"ನಮ್ಮನೇಲಿ ಓಟು ಯಾರು ಹಾಕ್ತಾರೆ ಟೀಚರ್?"

"ನಿಮ್ಮನೇಲಾ? ನಿಮ್ಮಪ್ಪಂಗೂ ಇಲ್ಲ, ಅಜ್ಜಿಗೂ ಇಲ್ಲ. ನಿಂದೊಂದೇ ಓಟು." ನನ್ನ ತಲೆ ಮೇಲೆ ಕೈಯಿಟ್ಟರು. ಅಂಟಿನ ವಾಸನೆ. "ಅವಸರ ಇಲ್ಲ. ಮನಸ್ಸಾದಾಗ ಹಾಕು. ಆಗದೇ ಇದ್ದರೂ ಯಾರೂ ಕೇಳೋ ಹಾಗಿಲ್ಲ. ಆದರೆ ಅಲ್ಲೀವರೆಗೂ ಆ ಹೆಸರು ಹಿಡಿದು ಕರೀಬೇಡ. ಕುರ್ಚಿ ಕಾಯೋರಿಗೂ ಮರ್ಯಾದೆ ಕೊಡಬೇಕು."

ಅಲ್ಲಿಂದ ಹಂಗಾಮಿ ಅನ್ನುವುದು ಬಿಟ್ಟೆ. ಆ ಸಲ ಯುಗಾದಿ ಹೊತ್ತಿಗೇ ಪಾರ್ಲಿಮೆಂಟ್ ಎಲೆಕ್ಷನ್ನೂ ಬಂತು. ಹಬ್ಬದ ದಿನ ಚಿಕ್ಕವ್ವ ಬೇವುಬೆಲ್ಲ ಕೊಟ್ಟಾಗ ಅವಳ ಬೆರಳಿನ ಮೇಲೆ ಓಟಿನ ಮಸಿ ಇತ್ತು. ನಾನು ಮಸಿಯನ್ನೇ ನೋಡುತ್ತಾ ತಿಂದೆ. ಕಹಿಯೂ ಗೊತ್ತಾಗಲಿಲ್ಲ, ಸಿಹಿಯೂ ಗೊತ್ತಾಗಲಿಲ್ಲ.

ಸ್ಕೂಲಿಗೆ ಹೋದರೆ ಟೀಚರು ಕಿವಿ ಹತ್ತಿರ ಬಗ್ಗಿ, "ಎಲೆಕ್ಷನ್ ಆಯ್ತಾ?" ಅಂದರು. ಇನ್ನೂ ಇಲ್ಲ ಅಂದೆ. "ಆಗಲಿ ಬಿಡು" ಅಂದರು. ಬೇಸಿಗೆ ರಜೆಯವರೆಗೂ ವಾರಕ್ಕೊಮ್ಮೆ ಕೇಳುವರು, ನಾನು ಇಲ್ಲ ಅನ್ನುವೆ. ನಮ್ಮಿಬ್ಬರ ಗುಟ್ಟು ಅದು. ಆಗ ನನ್ನನ್ನು ಏನಾದರೂ ಕೇಳಿ, ಉತ್ತರಕ್ಕೆ ಕಾಯುತ್ತಿದ್ದವರು ಅವರೊಬ್ಬರೇ.

ರಜೆ ಮುಗಿಸಿ ಹೋದಾಗ ಟೀಚರು ಇರಲಿಲ್ಲ. ಮಳವಳ್ಳಿ ಕಡೆ ವರ್ಗ ಆಯಿತಂತೆ. ರಟ್ಟು ಗೋಡೆಯಲ್ಲೇ ಇತ್ತು, ಎಲೆ ಒಣಗಿ ಉದುರಿತ್ತು. ಹೊಸ ರಾಷ್ಟ್ರಪತಿ ಬಂದರೂ ಆರನೇ ಫೋಟೋ ಯಾರೂ ಅಂಟಿಸಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಹೊಸ್ತಿಲ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಚಿಕ್ಕವ್ವ ಹಿತ್ತಲಲ್ಲಿದ್ದಳು. ಒಲೆ ಮೇಲೆ ಹಾಲು ಉಕ್ಕಿಬಂತು. "ಅವ್ವಾ, ಹಾಲುಕ್ತಾ ಅದೆ!" ಎಂದು ಕೂಗಿದೆ. ಅವಳು ಓಡಿಬಂದು ಸೆರಗಿನಲ್ಲೇ ಪಾತ್ರೆ ಇಳಿಸಿದಳು. ಕೈ ಸುಟ್ಟಿತ್ತು. ಉಫ್ ಎಂದು ಊದಲೂ ಇಲ್ಲ, ನನ್ನನ್ನೇ ನೋಡುತ್ತಾ ನಿಂತಿದ್ದಳು. ನಾನು ಮಗ್ಗಿ ಮುಂದುವರಿಸಿದೆ. ಆ ಮಾತು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ, ಆದರೆ ಅವತ್ತಿನಿಂದ ಅವಳು ಅವ್ವನೇ. ಟೀಚರಿಗೆ ಹೇಳಬೇಕು ಅಂತ ಮಾತ್ರ ಅನಿಸಿತು.

ಹೇಳುವುದಕ್ಕೆ ಆಗಲಿಲ್ಲ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮಳವಳ್ಳಿಗೆ ಹೋದಾಗ ವಿಚಾರಿಸಿದೆ. ಅಲ್ಲಿನ ಹಳೇ ಮೇಷ್ಟ್ರೊಬ್ಬರು, "ಅವರಾ? ತೀರ್ಕೊಂಡ್ರು ಕಣಮ್ಮ. ಮನೆ ತುಂಬ ಪೇಪರ್ ಕತ್ತರಿಸಿ ಇಟ್ಟಿದ್ರು" ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದೆ. ಬಸ್ಸು ಹತ್ತಿದೆ. ಅಳು ಬರಲಿಲ್ಲ...

ಹೋದ ಕಾರ್ತೀಕದಲ್ಲಿ ಅವ್ವ ಹೋದಳು. ನಲವತ್ತು ವರ್ಷಕ್ಕೂ ಮೇಲೆ ಆ ಮಣೆಯ ಮೇಲೆ ಕೂತಿದ್ದವಳು. ಕೊನೆಕೊನೆಗೆ ನನ್ನ ಜೊತೆಗೇ ಇದ್ದಳು, ಮಣೆಯನ್ನೂ ತಂದುಕೊಂಡಿದ್ದಳು. ಆಗಲೂ ನಾನು ಅಳಲಿಲ್ಲ. ಬಂದವರು ಏನೇನೋ ಅಂದರು.

ಯುಗಾದಿ ಬೆಳಿಗ್ಗೆ ಬಾಗಿಲಿಗೆ ಮಾವಿನೆಲೆ ಕಟ್ಟಿ, ಬೇವುಬೆಲ್ಲ ಕಲಸಿ ಅಡುಗೆಮನೆಯಲ್ಲಿ ನಿಂತೆ. ಮಣೆ ಗೋಡೆಗೆ ಒರಗಿಕೊಂಡಿತ್ತು. ಒಂದು ದಿನಾನೂ ಖಾಲಿ ಇರಬಾರದು ಅಂದಿದ್ದರಲ್ಲ ಟೀಚರು... ತಿಂಗಳುಗಳಾದವು. ಹಂಗಾಮಿಗೆ ಕೂಡ ಯಾರೂ ಬರುವವರಿಲ್ಲ. ಬೇವುಬೆಲ್ಲ ಬಾಯಿಗೆ ಹಾಕಿಕೊಂಡೆ. ಈ ಸಲ ಕಹಿ ಗೊತ್ತಾಯಿತು.